ಜರುಗಿದ ಹಣೆಪಟ್ಟಿ

ತಾರ್ನಾಕದ ವಿಶಾಲಾಕ್ಷಿ ನಾಂಪಲ್ಲಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಟೆಕ್ನಿಷಿಯನ್. ಮೂಗಿನ ಶಸ್ತ್ರಚಿಕಿತ್ಸೆಗೆ ದಾರಿ ತೋರುವ ಯಂತ್ರ ಬಂದಾಗ ಅವರಿಗೆ ನಲವತ್ತೇಳು. ಕಿರಿಯರೇ ಹಿಂಜರಿದಾಗ ಅವರು ಕಂಪನಿಯ ಇಂಜಿನಿಯರನ ಬೆನ್ನುಬಿದ್ದು, ತೆಲುಗಿನಲ್ಲೂ ಹಿಂದಿಯಲ್ಲೂ ಕೇಳಿ ಕೇಳಿ ಕಲಿತರು. ರೋಗಿಯ ಹಣೆಗೆ ಯಂತ್ರ ಗುರುತು ಹಿಡಿಯುವ ಪಟ್ಟಿ ಕಟ್ಟಿ, ಮುಖವನ್ನು ಸ್ಕ್ಯಾನಿನೊಂದಿಗೆ ತಾಳೆ ಹಾಕಿದರೆ, ಮೂಗಿನೊಳಗೆ ಸಲಾಕೆಯ ತುದಿ ಎಲ್ಲಿದೆಯೆಂದು ಪರದೆ ತೋರಿಸುತ್ತದೆ; ಪಟ್ಟಿ ಸರಿದರೆ ತಪ್ಪು ಜಾಗ ತೋರಿಸುತ್ತದೆ. ಸೈನಸ್ಸಿಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳ್ಳನೆಯ ಎಲುಬು.

ಕಳೆದ ಮಾರ್ಚಿನಲ್ಲಿ ದಿಲ್‌ಸುಖ್‌ನಗರದ ಬಸ್ ಚಾಲಕ ಹನುಮಂತ ಸೈನಸ್ಸಿನೊಳಗೆ ಬೆಳೆದ ಗಂಟುಗಳನ್ನು ತೆಗೆಸುವ ಆಪರೇಷನ್ನಿಗೆ ಮೂರನೆಯ ಸಲ ಬಂದರು. ಹಿಂದಿನ ಎರಡು ಶಸ್ತ್ರಚಿಕಿತ್ಸೆಗಳಲ್ಲಿ ಡಾಕ್ಟರು ದಾರಿ ಹಿಡಿಯುವ ಒಳಗಿನ ಗುರುತುಗಳೆಲ್ಲ ಅಳಿಸಿಹೋಗಿದ್ದವು. ಡಾಕ್ಟರ್ ಉಪೇಂದ್ರ ಅರ್ಧ ಕೆಲಸ ಮುಗಿಸಿ ರೋಗಿಯ ತಲೆಯನ್ನು ತುಸು ಹೊರಳಿಸಿದರು. ಮೇಲೆ ಹೊದಿಸಿದ ಬಟ್ಟೆ ಹಣೆಯ ಬಳಿ ಜಗ್ಗಿತು.

“ಸರ್, ಸ್ವಲ್ಪ ತಡೀರಿ. ಸಲಾಕಿ ಮೂಗಿನ ಬುಡಕ್ಕ ಇಟ್ಟು ನೋಡ್ರಿ,” ಎಂದರು ವಿಶಾಲಾಕ್ಷಿ.

“ಮೊದಲಽ ನೋಡೇವಲ್ಲ, ಅಕ್ಕಾರ. ರಕ್ತ ಬರಾಕತ್ತೈತಿ,” ಡಾಕ್ಟರ ದನಿ ಬಿರುಸಾಗಿತ್ತು.

“ಗೊತ್ತೈತ್ರಿ. ಆದ್ರ ಪಟ್ಟಿ ಸರದಂಗ ಕಾಣ್ತು. ನೋಡದ ಮುಂದ ಹೋಗಬ್ಯಾಡ್ರಿ.”

ಉಪೇಂದ್ರ ಒಳಗೆ ಹತ್ತಿಯ ಪಟ್ಟಿ ತುಂಬಿ ರಕ್ತ ತಡೆದು, ಸಲಾಕೆಯನ್ನು ಮೂಗಿನ ಬುಡಕ್ಕೆ ತಾಗಿಸಿದರು. ಪರದೆಯಲ್ಲಿ ಅದರ ತುದಿ ಮುಟ್ಟಿದ ಜಾಗಕ್ಕಿಂತ ನಾಲ್ಕು ಮಿಲಿಮೀಟರ್ ಆಚೆ ಇತ್ತು. ಪಟ್ಟಿ ಬಿಗಿದು ಮತ್ತೆ ತಾಳೆ ಹಾಕಲು ಒಂಬತ್ತು ನಿಮಿಷ ಹಿಡಿಯಿತು.

ಆಮೇಲೆ ಉಪೇಂದ್ರ ಕತ್ತರಿಸಬೇಕೆಂದಿದ್ದ ಗಂಟಿನ ಬಳಿಗೆ ಹೋದರು. ಅಲ್ಲಿ ಕಣ್ಣಿನ ಪಕ್ಕದ ಎಲುಬೇ ಇಲ್ಲವೆಂದು ಈಗ ಪರದೆ ತೋರಿಸುತ್ತಿತ್ತು. ಅವರು ಹೊರಗಿನಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿದರು. ಒಳಗೆ ಆ ಗಂಟು ಅಲುಗಿತು. ಅದು ಗಂಟಲ್ಲ, ಎಲುಬಿಲ್ಲದ ಸಂದಿನಿಂದ ಇಳಿದಿದ್ದ ಕಣ್ಣಿನ ಸುತ್ತಲ ಕೊಬ್ಬು; ಕತ್ತರಿಸಿದ್ದರೆ ಕಣ್ಣಿಗೇ ಅಪಾಯವಿತ್ತು. ಅದನ್ನು ಮುಟ್ಟದೆ ಉಳಿದದ್ದನ್ನು ತೆಗೆದು ಕೆಲಸ ಮುಗಿಸಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ವಿಶಾಲಾಕ್ಷಿ ಚಹಾ ಬಗ್ಗಿಸಿಕೊಂಡರು. ಉಪೇಂದ್ರ ಬಾಗಿಲಲ್ಲಿ ನಿಂತರು.

“ನಾ ಸಿಟ್ಟಿಗೆದ್ರೂ ನೀವು ಸುಮ್ನಾಗಲಿಲ್ಲ.”

“ಭಾಳ ಅಂಜಿಕಿ ಆಗಿತ್ರಿ. ನನ್ನ ಅನುಮಾನ ಸುಳ್ಳಾಗಿದ್ರ ಸುಮ್ನ ಹೊತ್ತು ಹಾಳು ಮಾಡಿದ್ಲು ಅಂತಿದ್ರಿ.”

“ಅಂತಿದ್ದೆ,” ಎಂದು ಅವರು ಒಪ್ಪಿಕೊಂಡರು. “ಇನ್ನ ಮ್ಯಾಲೆ ತಲಿ ಹೊಳ್ಳಿಸಿದಾಗೆಲ್ಲ ನೀವು ನೋಡ್ರಿ ಅನ್ನೂದು, ನಾ ನೋಡೂದು.”

ಮರುದಿನ ವಿಶಾಲಾಕ್ಷಿ ವಾರ್ಡಿಗೆ ಹೋಗಿ ಹನುಮಂತರ ಕಣ್ಣೆದುರು ಬೆರಳು ಹಿಡಿದರು. ಒಂದೊಂದೇ ಕಣ್ಣು ಮುಚ್ಚಿಸಿ ಎಣಿಸಲು ಹೇಳಿದರು. ಎರಡರಲ್ಲೂ ಲೆಕ್ಕ ಸರಿಬಂತು. ಮೂಗಿಗೆ ಆಪರೇಷನ್ ಮಾಡಿ ಕಣ್ಣು ಯಾಕೆ ನೋಡುತ್ತಾರೆಂದು ಹನುಮಂತ ಕೇಳಿದರು. “ನಮ್ಮ ಪದ್ಧತಿರೀ,” ಎಂದಷ್ಟೇ ಹೇಳಿ ಅವರು ಥಿಯೇಟರಿಗೆ ಮರಳಿದರು.