ಮಗಳ ಹಗಲ ನಿದ್ದಿ

ನನ್ನ ಮಗಳು ಹಗಲಿಗಿ ಮಲಗತಿದ್ದಿಲ್ಲ. ಏಳು ತಿಂಗಳ ಕೂಸು, ಹೊತ್ತು ಹುಟ್ಟಿದಾಗಿಂದ ಮುಳುಗೋತನ ಚೀರೋದೇ ಚೀರೋದು. ಕಣ್ಣು ತಿಕ್ಕೋತಿತ್ತು, ಕಿವಿ ಜಗ್ಗೋತಿತ್ತು, ಮಲಗಸಾಕ ಹೋದ್ರ ಬೆನ್ನು ಸೆಟಿಸಿ ಒದೀತಿತ್ತು. ನನಗ ಮೊದಲೇ ಮೂಗಿನ ತುದಿ ಮ್ಯಾಲ ಸಿಟ್ಟು. ತಟ್ಟಿ ತಟ್ಟಿ ಸಾಕಾಗಿ, ತಟ್ಟೋದು ಯಾವಾಗ ಹೊಡಿಯೋದು ಆಗತಿತ್ತೋ ನನಗೇ ತಿಳೀತಿದ್ದಿಲ್ಲ. ಖರೇ ಹೇಳತೀನಿ, ಆ ಸಣ್ಣ ಕುಂಡಿ ಮ್ಯಾಲ ನನ್ನ ಐದೂ ಬೆರಳು ಮೂಡಿದ್ವು.

ಆಗ ಕೆನಾಲಿಗಿ ಹೊಸದಾಗಿ ನೀರು ಬಂದಿತ್ತು. ನಮ್ಮ ದೇವಾಪುರದ ಕಡಿ ಜ್ವಾಳ ಬೆಳೆಯೋ ಎರಿ ಹೊಲ ಎಲ್ಲಾ ಭತ್ತದ ಗದ್ದಿ ಆಗಿದ್ವು. ಸಸಿ ಹಚ್ಚಾಕ ಹೋಗೋ ಹೆಣ್ಮಕ್ಕಳ ಗುಂಪಿನಾಗ ನಾನೂ ಒಬ್ಬಾಕಿ. ಸಸಿ ಹಚ್ಚೋ ಮುಂದ ಎಲ್ಲಾರೂ ಒಂದೇ ಸಾಲಿನಾಗ ಬಗ್ಗಿ ಹಿಂದಕ್ಕ ಸರೀಬೇಕು, ನಡುವ ಒಬ್ಬಾಕಿ ಎದ್ದು ಹೋದ್ರ ಸಾಲೇ ಕೆಡತದ. ಹಂಗಾಗಿ ಕೂಸುಗೊಳನ್ನ ಕೆನಾಲ ದಂಡಿಯ ಜಾಲಿ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ಹಾಕತಿದ್ವಿ. ಅವುಗಳನ್ನ ನೋಡಕೊಳ್ಳಾಕ ಒಬ್ಬಾಕಿ ಮುದುಕಿ ಇದ್ಳು. ಎಲ್ಲಾರೂ ಆಕಿಗಿ ಆಯಿ ಅಂತಿದ್ವಿ.

ಆಯಿ ಹಂತ್ಯಾಕ ಈಚಲ ಗಿಡದ ಸೇಂದಿ ಒಂದು ಬಾಟ್ಲಿ ಇರತಿತ್ತು. ಅರಬಿ ತುದಿ ಹೊಸೆದು ಬತ್ತಿ ಮಾಡಿ, ಸೇಂದ್ಯಾಗ ಅದ್ದಿ, ಬೆಲ್ಲ ಹಚ್ಚಿ ಕೂಸಿನ ಬಾಯಾಗ ಇಡತಿದ್ಳು. ನಾಕು ಸಲ ಚೀಪಿದ್ರ ಮುಗೀತು, ಮಧ್ಯಾಹ್ನ ರೊಟ್ಟಿ ತಿನ್ನೋ ಹೊತ್ತಿನತನ ಕೂಸು ಅಲ್ಲಾಡತಿದ್ದಿಲ್ಲ. ಕದ್ದು ಮಾಡೋ ಕೆಲಸ ಏನಲ್ಲ ಅದು. ಊರಿಗೆಲ್ಲಾ ಗೊತ್ತಿತ್ತು. ನಾ ಮಾತ್ರ ಎರಡು ತಿಂಗಳು ಬ್ಯಾಡ ಅಂದಿದ್ನಿ, ಸೇಂದಿ ಕುಡದು ಸತ್ತ ನಮ್ಮಪ್ಪನ ಮಾರಿ ನನಗ ಮರೆತಿದ್ದಿಲ್ಲ. ಆದ್ರ ನನ್ನ ಕೂಸಿನ ಬಾಯಿ ಕೇಳಿ ಕೇಳಿ ಗುಂಪಿನ ಹಿರೇಮನುಷ್ಯಾಳು ಒಂದಿನ ಸಾಲಿನಾಗೇ ಅಂದ್ಳು, "ನಾಳಿ ಇದು ಚೀರಿದ್ರ ನೀ ನಾಡದು ಬರಬ್ಯಾಡವ್ವಾ."

ಆ ರಾತ್ರಿ ನಮ್ಮತ್ತಿ ಮುಂದ ಈ ಮಾತು ಹೇಳಿದ್ನಿ. ಮರುದಿನ ಜೋಳಿಗಿ ಕಟ್ಟಿ, ಆಯಿ ಮಾರಿ ನೋಡದೇ ಅಂದ್ನಿ, "ಕೊಡು."

ಅವತ್ತು ಮನಸತುಂಬ ಕೆಲಸ ಮಾಡಿದ್ನಿ. ಹಿಂದಿಂದ ಚೀರೋ ಧ್ವನಿ ಇಲ್ಲ, ಆಹಾ, ಎಂಥಾ ಸುಖ! ಮಧ್ಯಾಹ್ನಕ್ಕ ಎದಿ ಹಾಲು ಸೋರಿ ಜಂಪರ್ ತೊಯ್ದಿತ್ತು. ಕುಡಸಬೇಕಂತ ದಂಡಿಗಿ ಬಂದ್ನಿ. ಉಳದ ಕೂಸುಗೊಳೆಲ್ಲಾ ಎದ್ದು ಮಣ್ಣಾಗ ಆಡಾಕತ್ತಿದ್ವು. ನನ್ನದು ಎದ್ದಿದ್ದಿಲ್ಲ. ಜೋಳಿಗ್ಯಾಗಿಂದ ಎತ್ತಿದ್ರ ತೊಯ್ದ ಅರಬಿಯಂಗ ಕೈಯಾಗ ಜೋತು ಬಿತ್ತು. ತುಟಿ ಕರ್ರಗಾಗಿದ್ವು. ಅಂಗಾಲಿಗಿ ಹೊಡದ್ನಿ, ಚಿವುಟಿದ್ನಿ, ಕಪಾಳಕ್ಕ ಹೊಡದ್ನಿ. ಏಳು ತಿಂಗಳು ಅಳಬ್ಯಾಡ ಅಂತ ಹೊಡದಾಕಿ, ಈಗ ಅಳು ನನ್ನವ್ವಾ ಅಂತ ಹೊಡ್ಯಾಕತ್ತಿದ್ನಿ. ಅಳಲಿಲ್ಲ.

ಕೂಸನ್ನ ಯಾರ ಕೈಯಾಗ ಕೊಟ್ನೋ ನೆನಪಿಲ್ಲ. ಕೈಗಿ ಜಾಲಿ ಬಡಿಗಿ ಸಿಕ್ತು. ಆಯಿ "ಒಂದೇ ಬತ್ತಿ ಇಟ್ಟೀನಿ, ದೇವ್ರಾಣಿ, ಒಂದೇ" ಅಂತ ಹಿಂದಕ್ಕ ಸರದ್ಳು. ತಲಿಗಿ ಬೀಸಿದ್ನಿ. ಆಕಿ ಬಲಗೈ ಅಡ್ಡ ಹಿಡದ್ಳು. ಲಟಕ್ ಅಂತು. ಅಷ್ಟಕ್ಕ ಬಿಡಲಿಲ್ಲ ನಾ. ಬಿದ್ದಾಕಿ ಬೆನ್ನಿಗಿ ಹೊಡದ್ನಿ, ಸೊಂಟಕ್ಕ ಒದ್ನಿ. ಹೆಣ್ಮಕ್ಕಳು ನನ್ನ ತುರುಬು ಹಿಡದು ಜಗ್ಗಿದ್ರು, ಅವರಿಗೂ ಪರಚಿದ್ನಿ. ಕೊಂದೇ ಬಿಡತಿದ್ನಿ, ಸುಳ್ಳ ಯಾಕ ಹೇಳಲಿ. ಯಾರೋ "ಉಸಿರು ಅದ, ಕೂಸಿಗಿ ಉಸಿರು ಅದ" ಅಂತ ಒದರಿದ ಮ್ಯಾಲೇ ಬಡಿಗಿ ಕೈಯಿಂದ ಬಿತ್ತು.

ಟ್ರ್ಯಾಕ್ಟರ್ ಮ್ಯಾಲ ಸುರಪುರದ ದವಾಖಾನಿಗಿ ಒಯ್ದ್ವಿ. ಹೊಟ್ಟಿ ತೊಳದ್ರು, ಮೂಗಿಗಿ ನಳಿಗಿ ಹಾಕಿದ್ರು. ಡಾಕ್ಟರ್ ಅಂದ್ರು, "ಸೇಂದ್ಯಾಗ ಏನೇನು ಪುಡಿ ಕಲಸಿರತಾರೋ, ಇಷ್ಟು ಸಣ್ಣ ಜೀವಕ್ಕ ಒಂದು ಹನಿನೂ ವಿಷ. ಇದಕ್ಕ ಭಾಳ ಹೋಗ್ಯಾದ." ಅಷ್ಟರಾಗ ನನ್ನ ಗಂಡ ಬಂದ. ಏನು, ಯಾಕ ಅಂತ ಕೇಳಲಿಲ್ಲ, ದವಾಖಾನಿ ಅಂಗಳದಾಗ ನಾಕು ಮಂದಿ ಮುಂದ ಕಪಾಳಕ್ಕ ಬಾರಿಸಿದ. ನಾ ಅವನ ಮುಂಗೈ ಕಚ್ಚಿ ಹಿಡದ್ನಿ, ರಕ್ತದ ಉಪ್ಪು ನಾಲಿಗಿಗಿ ಹತ್ತೋತನ ಬಿಡಲಿಲ್ಲ. ಮೂರನೇ ದಿನ ಕೂಸು ಕಣ್ಣು ತೆರೀತು.

ಬದುಕಿ ಮನಿಗಿ ಬಂತು ಖರೇ, ಆದ್ರ ನಾ ಅದಕ್ಕ ಮಲಗಾಕ ಬಿಡಲಿಲ್ಲ. ಹಗಲಿನಾಗ ರೆಪ್ಪಿ ಮುಚ್ಚಿದ್ರ ಸಾಕು, ನನ್ನ ಜೀವ ಹಾರತಿತ್ತು. ಅಲ್ಲಾಡಸತಿದ್ನಿ, ಚಿವುಟತಿದ್ನಿ, ಮಾರಿಗಿ ತಣ್ಣೀರು ಗೊಜ್ಜತಿದ್ನಿ. ಅದು ಬೆಚ್ಚಿ ಎದ್ದು ಚೀರಿದಾಗ ಮಾತ್ರ ನನಗ ಸಮಾಧಾನ. ಹತ್ತು ದಿನದಾಗ ಕೂಸು ಎಲುಬಿನ ಗೂಡಾತು. ಹಾಲೂ ಬ್ಯಾಡ, ಆಟನೂ ಬ್ಯಾಡ.

ಒಂದಿನ ಮೂಗಿನ ಸಿಂಬಳ ಒರಸಬೇಕಂತ ಕೈ ಮುಂದ ಮಾಡಿದ್ನಿ. ಕೂಸು ಎರಡೂ ಕಣ್ಣು ಗಟ್ಟಿ ಮುಚ್ಚಿ ಹೆಗಲು ಮ್ಯಾಲಕ್ಕ ಎಳಕೊಂತು. ಏಳು ತಿಂಗಳ ಕೂಸು, ಹೊಡ್ತ ಬರತದ ಅಂತ ಕಲ್ತಿತ್ತು. ಒಲಿ ಮುಂದ ಕುಂತಿದ್ದ ನಮ್ಮತ್ತಿ ಅದನ್ನ ನೋಡಿದ್ಳು. ಎದ್ದು ಬಂದಾಕೀನೇ ನನ್ನ ಕಪಾಳಕ್ಕ ರಪ್ಪಂತ ಬಿಟ್ಟಳು.

"ಅದನ್ನ ಯಾಕ ಕೊಲ್ಲತೀ? ನನಗ ಹೊಡಿ! ಅವತ್ತು ಮುಂಜಾನಿ ನೀ ಹೊರಡೋ ಮುಂದ ಮನ್ಯಾಗ ನಾನೇ ಸೇಂದಿ ಬತ್ತಿ ಇಟ್ಟಿದ್ನಿ. ನಿನ್ನ ಗುಂಪಿನಿಂದ ತಗೀತಾರ ಅಂತ ಅಂಜಿ ಇಟ್ಟಿದ್ನಿ. ನೀನೂ ಆಯಿಗಿ ಕೊಡು ಅಂತೀ ಅಂತ ನನಗೇನು ಗೊತ್ತು?"

ಆಕಿ ಕುತ್ತಿಗಿ ನನ್ನ ಎರಡೂ ಕೈಯಾಗ ಇತ್ತು. ಒತ್ತಾಕತ್ತಿದ್ನಿ. ಕೂಸು ಕಿಟಾರನೆ ಚೀರಿತು. ಕೈ ತಾವೇ ಬಿಟ್ಟವು. ಅತ್ತಿ ಕೆಮ್ಮಿಕೋತ ಗ್ವಾಡಿಗಿ ಆತು ಕುಂತು ಅಳಾಕತ್ತಳು. ಆಯಿ ಒಂದೇ ಬತ್ತಿ ಅಂದಿದ್ದು ಖರೇ ಇತ್ತು.

ಕೂಸನ್ನ ಕಟಗೊಂಡು ಆಯಿ ಮನಿಗಿ ನಡದ್ನಿ. ಆಕಿ ಹೊಸ್ತಿಲದಾಗ ಕುಂತಿದ್ಳು. ಬಲಗೈಗಿ ಬಿದಿರ ಸೀಳು ಇಟ್ಟು ಕಟ್ಟಿದ್ರು, ಎಲುಬು ಸೊಟ್ಟ ಕೂಡಾಕತ್ತಿತ್ತು. "ಇನ್ನೂ ಹೊಡಿಯೋದು ಉಳದದ ಏನು?" ಅಂದ್ಳು. ಎಲ್ಲಾ ಹೇಳಿ ಆಕಿ ಕಾಲು ಹಿಡದ್ನಿ. ಆಯಿ ಕಾಲು ಹಿಂದಕ್ಕ ತಗದ್ಳು.

"ಬಾಟ್ಲಿ ನನ್ನ ಕೈಯಾಗೂ ಇತ್ತಲ್ಲ. ಒಂದೇ ಬತ್ತಿ ಇಟ್ಟೀನಂದ್ರ ನಾ ಸಾಚಾ ಆಗತೀನೇನು?" ಅಂದ್ಳು. ಆಮ್ಯಾಲ ಕೂಸಿನ ಮಾರಿ ದಿಟ್ಟಿಸಿ ನೋಡಿ, "ಕಣ್ಣು ತಿಕ್ಕೊಳ್ಳಾಕತ್ಯಾದ ನೋಡು. ಈಗೇ ಮಲಗಸಬೇಕು. ಚೀರೋತನ ಕಾದ್ರ ನಿದ್ದಿ ತಪ್ಪಿ ಹೋಗತದ" ಅಂದ್ಳು.

"ಆಯಿ, ನನಗ ಬರಂಗಿಲ್ಲ."

"ಕೆನಾಲ ಬರೋಕಿಂತ ಮೊದಲ ನಾವು ಮಧ್ಯಾಹ್ನಕ್ಕ ಮನಿಗಿ ಬರತಿದ್ವಿ. ಆರು ಮಂದಿನ್ನ ಹಡದೀನಿ, ಒಂದಕ್ಕೂ ಸೇಂದಿ ಬೇಕಾಗಿದ್ದಿಲ್ಲ. ಹಾಲು ಕುಡಸು. ಬಾಗಿಲ ಮುಂದ ಮಾಡಿ ಕತ್ತಲ ಮಾಡು. ದಿನಾ ಅದೇ ಹೊತ್ತು, ಅದೇ ಕೌದಿ, ಅದೇ ಮಾತು. ಎಂಟು ದಿನಕ್ಕ ಕೂಸಿಗಿ ತಿಳೀತದ, ಇದು ಮಲಗೋ ಹೊತ್ತು ಅಂತ."

ಕುಡಸಿದ್ನಿ. ಆಕಿ ಮನಿ ಒಳಗೇ ಕತ್ತಲ ಮಾಡಿ ಕೌದಿ ಮ್ಯಾಲ ಮಲಗಸಿದ್ನಿ. ತಟ್ಟಾಕ ಕೈ ಎತ್ತಿದ ಕೂಡಲೇ ಕೂಸು ಮತ್ತ ಕಣ್ಣು ಗಟ್ಟಿ ಮುಚ್ಚಿತು.

"ಕೈ ತಗಿ!" ಆಯಿ ಗದರಿದ್ಳು. "ತೊಡಿ ಕೆಳಗ ಇಟಗೊಂಡು ಕುಂಡ್ರು."

ಕುಂತ್ನಿ. ಆಯಿ ಸಣ್ಣ ಧ್ವನಿಲೆ "ಮಲಗು ನನ್ನವ್ವಾ, ಮಲಗು" ಅಂತ ಅಂದದ್ದೇ ಅನಕೋತ ಹೋದ್ಳು. ಕೂಸಿನ ಹೆಗಲು ಮೆಲ್ಲಕ ಇಳೀತು, ಮುಷ್ಟಿ ಬಿಚ್ಚಿತು. ನಿದ್ದಿ ಹತ್ತಿತು. ನನಗ ಅಲ್ಲಾಡಸಿ ನೋಡಬೇಕು ಅಂತ ಕೈ ತುರಿಸಾಕತ್ತಿದ್ವು. "ಎದಿ ಏರಿ ಇಳ್ಯಾಕತ್ಯಾದ, ಅದನ್ನ ನೋಡು. ಆಕಿನ್ನ ಮುಟ್ಟಬ್ಯಾಡ" ಅಂದ್ಳು ಆಯಿ. ಬೆಳಕಿಂಡಿ ಬಿಸಿಲು ನೆಲದ ಮ್ಯಾಲ ಎರಡು ಗೇಣು ಸರಿಯೋತನ ಉಸಿರು ಎಣಿಸಿಕೋತ ಕುಂತ್ನಿ. ತೊಡಿ ಕೆಳಗಿದ್ದ ನನ್ನ ಕೈ ಜೋಮು ಹಿಡದಿದ್ವು.

ಕೂಸು ತಾನೇ ಎದ್ದಿತು. ಚೀರಲಿಲ್ಲ. ನನ್ನ ನೋಡಿತು, ಮಾರಿ ಹೊರಳಿಸಿ ಆಯಿ ಕಡಿ ಎರಡೂ ಕೈ ಚಾಚಿತು. ಆಯಿ ಬಗ್ಗಿ ಎಡಗೈ ಕೂಸಿನ ಕೆಳಗ ಹಾಕಿದ್ಳು, ಬಲಗೈ ಎತ್ತಾಕ ನೋಡಿದ್ಳು, ನೋವಿಗಿ ಹಲ್ಲು ಕಚ್ಚಿದ್ಳು.

"ಎತ್ತಾಕ ಬರಂಗಿಲ್ಲವ್ವಾ ನನಗ" ಅಂದ್ಳು ಕೂಸಿಗಿ.

ನಾ ತೊಡಿ ಕೆಳಗಿಂದ ಕೈ ತಗದ್ನಿ, ಮಗಳನ್ನ ಎತ್ತಿ ಆಕಿ ತೊಡಿ ಮ್ಯಾಲ ಹಾಕಿದ್ನಿ.