ಫಜಲುಲ್ಲಾನ ಹೊಸ ಪಂಪು

ಕುವೈತ್ ದುಡ್ಡಿನ ಮಹಿಮೆ ತಿಳಿಯಬೇಕಿದ್ದವರು ಬಾಳೂರಿನ ರೌಶನ್ ಬೀಯ ಮನೆ ನೋಡಬೇಕಿತ್ತು. ಮಾಡಿಗೆ ಮಂಗಳೂರು ಹೆಂಚು, ಗೋಡೆಗೆ ಗಡಿಯಾರ. ಕರೆಂಟು ಇನ್ನೂ ಬಂದಿರಲಿಲ್ಲ, ಟೇಬಲ್ ಫ್ಯಾನು ಮಾತ್ರ ಆಗಲೇ ಬಂದು ಕೂತಿತ್ತು. ಇಷ್ಟೆಲ್ಲ ಇರುವಾಗ ಗಂಡ ಒಬ್ಬ ಇಲ್ಲದಿರುವುದೂ ಒಂದು ಕೊರತೆಯೇ? ಊರಿನವರಿಗಂತೂ ಹಾಗೆ ಕಾಣಲಿಲ್ಲ.

ಗಂಡ ಫಜಲುಲ್ಲಾ ಮೆಕ್ಯಾನಿಕ್. ಸುತ್ತಲಿನ ಎಸ್ಟೇಟುಗಳಲ್ಲಿ ಡೀಸೆಲ್ ಪಂಪು ಕೆಟ್ಟರೆ ಅವನೇ ಗತಿ. ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಅದಕ್ಕೆ ಮಾಲೀಕರು ಕೊಡುತ್ತಿದ್ದುದು ಒಂದು ಲೋಟ ಕಾಫಿ, ಐದು ರೂಪಾಯಿ ಮತ್ತು ಬಾಯಿ ತುಂಬ ಹೊಗಳಿಕೆ. ಹೊಗಳಿಕೆ ಕೊಟ್ಟರೆ ಅಂಗಡಿಯಲ್ಲಿ ಅಕ್ಕಿ ಅಳೆದುಕೊಡುವುದಿಲ್ಲವೆಂದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕುವೈತಿಗೆ ಹೋದ. ಅಲ್ಲಿಯೂ ಪಂಪು ರಿಪೇರಿಯೇ. ಸಂಬಳ ಮಾತ್ರ ಹತ್ತು ಪಟ್ಟು.

ಐದನೇ ವರ್ಷ ಆ ಸಂಬಳದಲ್ಲಿ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ಕೊಂಡ, ಹಳೆಯ ಪಂಪು ಸಮೇತ. ರಜೆ ಮುಗಿಸಿ ಹೊರಡುವಾಗ ಹೇಳಿದ, "ಈ ಸಲ ಹೂವು ಚೆನ್ನಾಗಿ ನಿಲ್ಲಲಿ ರೌಶನ್. ಒಂದು ಫಸಲು ಕೈಗೆ ಸಿಕ್ಕಿದ್ರೆ ವಾಪಸ್ ಬಂದುಬಿಡ್ತೀನಿ. ಮತ್ತೆ ಹೋಗಲ್ಲ."

ಐದು ವರ್ಷದಲ್ಲಿ ಅವಳಿಗೆ ಗಂಡ ಸಿಕ್ಕಿದ್ದು ಒಟ್ಟು ತೊಂಬತ್ತು ದಿನ. ಹಾಗಾಗಿ ದಿನಾ ತೋಟಕ್ಕೆ ಹೋಗಿ ಮೊಗ್ಗು ನೋಡಿ ಬರುತ್ತಿದ್ದಳು.

ಮಾರ್ಚ್ ಬಂತು, ಮೊಗ್ಗು ಅರಳಿಸುವ ಹೂಮಳೆ ಬರಲಿಲ್ಲ. ಹಳ್ಳದಲ್ಲಿ ಪಂಪಿಟ್ಟು ಸ್ಪ್ರಿಂಕ್ಲರ್ ಹಚ್ಚಿಸಿದಳು. ಪಂಪು ಒಂದು ಗಂಟೆ ಓಡಿ, ಕೆಮ್ಮಿ, ನಿಂತಿತು. ಕಾಫಿ ಮೊಗ್ಗು ಕುಡಿದರೆ ಹೊಟ್ಟೆ ತುಂಬ ಕುಡಿಯಬೇಕು. ಅರೆಬರೆ ನೀರು ಬಿದ್ದರೆ ಅರಳುವುದೂ ಇಲ್ಲ, ಮಳೆಗೆ ಕಾಯುವುದೂ ಇಲ್ಲ. ಮೂಡಿಗೆರೆಯಿಂದ ಬಂದ ಮೆಕ್ಯಾನಿಕ್ ಪಂಪು ಬಿಚ್ಚಿ, ತಲೆ ಕೆರೆದು, ಎರಡು ನಟ್ಟು ಹೊರಗೇ ಉಳಿಸಿ ಮುಚ್ಚಿದ.

"ಇದ್ರ ಮರ್ಜಿ ಫಜಲುಲ್ಲಾ ಅವ್ರಿಗೇ ಗೊತ್ತು ಅಕ್ಕಾ. ಎಲ್ಲಿದಾರೆ ಅವ್ರು?"

"ಕುವೈತಲ್ಲಿ," ಅಂದಳು ರೌಶನ್ ಬೀ. "ಪಂಪು ರಿಪೇರಿ ಮಾಡ್ತಿದಾರೆ."

ಪಕ್ಕದ ಮನೆಯ ಸತ್ಯವತಿ ಟೀಚರಿಂದ ತಂತಿ ಬರೆಸಿ ಕಳಿಸಿದಳು: ಪಂಪು ಕೆಟ್ಟಿದೆ, ಬೇಗ ಬನ್ನಿ. ಮೊಗ್ಗೆಲ್ಲ ಕಪ್ಪಾಗಿ ಉದುರಿದ ಮೇಲೆ ಮನೆ ಮುಂದೆ ಮಂಗಳೂರಿನ ಲಾರಿ ನಿಂತಿತು. ಅದರಿಂದ ಇಳಿದದ್ದು ಗಂಡನಲ್ಲ, ಹಸಿರು ಬಣ್ಣದ ಹೊಚ್ಚಹೊಸ ಪಂಪು. ನೋಡಲು ಊರೇ ನೆರೆಯಿತು.

"ಪುಣ್ಯವಂತೆ ಮಾರಾಯ್ತಿ ನೀನು," ಅಂದರು ಟೀಚರು. "ಇಂಥ ಗಂಡ ಎಷ್ಟು ಜನಕ್ಕೆ ಸಿಗ್ತಾರೆ?"

ಮರುವಾರ ಕಾಗದ ಬಂತು. "ಊರಿಗೆ ಹೊರಟಿದ್ದ ಗೆಳೆಯನ ಕೈಲಿ ಪಂಪಿನ ದುಡ್ಡು ಕಳಿಸಿದೆ. ಆ ದುಡ್ಡನ್ನು ಕಂಪನಿಯಿಂದ ಮುಂಗಡ ಪಡೆದು, ಇನ್ನೆರಡು ವರ್ಷ ಇಲ್ಲೇ ಇರುತ್ತೇನೆಂದು ಸಹಿ ಹಾಕಿದ್ದೇನೆ. ಇನ್ನು ನಿನಗೆ ಚಿಂತೆಯಿಲ್ಲ."

ಅದೇ ಸಂಜೆ ಹೂಮಳೆ ಬಂತು, ಬರೋಬ್ಬರಿ ಎರಡು ಇಂಚು. ಅರಳಲು ತೋಟದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಅಂಗಳದಲ್ಲಿದ್ದ ಪಂಪು ತುಕ್ಕು ಹಿಡಿದರೆ ಗಂಡನ ಕರಾರಿಗೆ ಮತ್ತೆರಡು ವರ್ಷ ಸೇರೀತೆಂದು ಹೆದರಿ, ರೌಶನ್ ಬೀ ಅಳುತ್ತಲೇ ಓಡಿಹೋಗಿ ಅದಕ್ಕೆ ಟಾರ್ಪಾಲು ಹೊದಿಸಿದಳು.