ಮಳವಳ್ಳಿಯ ಮೂರನೇ ಡಬ್ಬಿ

ಆಷಾಢದ ಒಂದು ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಮೈಸೂರಿನಲ್ಲಿ ಮಂಡ್ಯದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ತೊಡೆಯ ಮೇಲೆ ಚರ್ಮದ ಕಪ್ಪು ಅಳೆಯುವ ಮೀಟರಿನ ಪೆಟ್ಟಿಗೆ. ನಾನು ಔಷಧ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ವಯಸ್ಸು ಮೂವತ್ತಾರಾದರೂ ಇನ್ನೂ ವಿದ್ಯಾರ್ಥಿನಿಯೇ.

ಬಿಸಿಲಲ್ಲಿ ದುಡಿಯುವ ಹೆಂಗಸರ ಕೆನ್ನೆಗೆ ಬರುವ ಬಂಗು ಎಂಬ ಕಪ್ಪು ಕಲೆಗೆ ಒಂದು ಮುಲಾಮು ಮಾಡಿದ್ದೇನೆ. ಬಿಸಿಲಿನ ಹಾವಳಿ ತಡೆಯುವ ಉತ್ಕರ್ಷಣ ನಿರೋಧಕಗಳನ್ನು, ಅಂದರೆ ವಿಟಮಿನ್ ಸಿ, ಇ ಥರದವನ್ನು, ಹಾಗೇ ಹಚ್ಚಿದರೆ ಬಹುಪಾಲು ಚರ್ಮದ ಮೇಲೇ ಉಳಿದು ಹಾಳಾಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ ಅವನ್ನು ಕೂರಿಸಿದರೆ ಒಳಕ್ಕೆ ಇಳಿಯುತ್ತವೆ. ನನ್ನ ಐದು ವರ್ಷ ಈ ಒಂದು ಮಾತಿನಲ್ಲೇ ಸವೆದಿದೆ. ಯುಗಾದಿ ಕಳೆದ ಮರುವಾರ ಮಂಡ್ಯ ಜಿಲ್ಲೆಯ ಹೆಂಗಸರಿಗೆ ಡಬ್ಬಿ ಹಂಚಿದ್ದೆ. ಮೂವರ ಅಳತೆ ಮಾತ್ರ ಬಾಕಿ. ಒಂದು ತಪ್ಪಿದರೂ ಪ್ರಯೋಗ ಮೊದಲಿನಿಂದ ಆಗಬೇಕು ಎಂದು ನನ್ನ ಮಾರ್ಗದರ್ಶಕರು ಖಡಾಖಂಡಿತ ಹೇಳಿದ್ದರು. ಇನ್ನೊಂದು ಸಲ ಮಾಡುವ ತ್ರಾಣ ನನಗಿರಲಿಲ್ಲ.

ಮಂಡ್ಯದಲ್ಲಿ ಜಿಟಿಜಿಟಿ ಮಳೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೊತ್ತತ್ತಿಗೆ ಹೋದೆ. ಜಯಮ್ಮ ನಾಲೆಯಿಂದ ಬಟ್ಟೆ ಒಗೆದುಕೊಂಡು ಬಂದು, ಕೈ ಒರೆಸಿಕೊಳ್ಳುತ್ತಲೇ ಮುಖ ಒಡ್ಡಿದರು. ಕಪ್ಪು ಇಳಿದಿತ್ತು. "ಕಟ್ಕೊಂಡ್ ಗಂಡಂಗೇ ಗುರ್ತು ಸಿಕ್ನಿಲ್ಲ ಅಂತ ಬರ್ಕಳಿ ಮೇಡಂ!" ಎಂದು ನಕ್ಕರು. ನಾನೂ ನಕ್ಕೆ. ಆ ದಿನ ನಕ್ಕಿದ್ದು ಅದೊಂದೇ ಸಲ.

ಮದ್ದೂರಿಗೆ ಬರುವಾಗ ಹನ್ನೊಂದು ದಾಟಿತ್ತು. ಶಾಲಾ ಶಿಕ್ಷಕಿ ಪ್ರೇಮಾ ಅವರ ಬಂಗೂ ತಿಳಿಯಾಗಿತ್ತು. ಮಕ್ಕಳ ಗಲಾಟೆಯಲ್ಲೇ ಅಳತೆ ಮುಗಿಸಿ, ಎರಡು ವಡೆ ತಿಂದು ಮಳವಳ್ಳಿ ಬಸ್ಸು ಹತ್ತಿದೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಮೋಡ, ಕೆಸರು, ಕಬ್ಬಿನ ಲಾರಿ.

ಮಳವಳ್ಳಿಯಾಚೆಯ ಹಳ್ಳಿಯಲ್ಲಿ ಚಿಕ್ಕತಾಯಮ್ಮ ಜಗುಲಿಯ ಮೇಲೆ ಕಾಯುತ್ತಿದ್ದರು. ಕಬ್ಬು ಕಡಿಯುವವರು, ಐವತ್ತರ ಹತ್ತಿರದ ವಯಸ್ಸು. ಮುಖ ತೊಳೆದು, ಹೊಸ ಬೊಟ್ಟಿಟ್ಟು ಕೂತಿದ್ದರು. ಬರುವ ಶ್ರಾವಣಕ್ಕೆ ಮೊಮ್ಮಗಳಿಗೆ ಹೆಸರಿಡುತ್ತಾರಂತೆ. "ಅಯ್ದು ವರ್ಸ ಆಯ್ತು ಯಾರ್ ಮನೇಲೂ ಪೋಟಕ್ಕೆ ನಿಂತಿಲ್ಲ. ಈ ಸಲ ಕೂಸ್ನ ಎತ್ಕೊಂಡು ಮುಂದ್ಗಡೇನೇ ನಿಂತ್ಕತೀನಿ," ಎಂದರು.

ಮೀಟರು ಕೆನ್ನೆಗಿಟ್ಟೆ. ಮೊದಲಿದ್ದಷ್ಟೇ ಕಪ್ಪು. ಮತ್ತೆ ಇಟ್ಟೆ. ಅಷ್ಟೇ. "ಕಮ್ಮಿ ಆಗೈತಾ? ನಿಜ ಏಳಿ," ಎಂದರು. ಡಬ್ಬಿ ತೋರಿಸಿ ಎಂದೆ.

"ಇರಿ, ತತ್ತೀನಿ," ಎಂದು ಬೀದಿಯ ಕೊನೆಗೆ ಹೋದರು. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯೊಂದಿಗೆ ಬಂದರು. ಮುಚ್ಚಳ ತೆಗೆದೆ. ನುಣ್ಣಗಿರಬೇಕಾದ ಮುಲಾಮು ಮರಳುಮರಳಾದ ತುಪ್ಪದಂತೆ ಒಡೆದು, ಕಂದಿ ಕೂತಿತ್ತು.

"ಎಲ್ಲಿಟ್ಟಿದ್ರಿ?"

"ನಮ್ಮನೇಲಿ ಪ್ರಿಜ್ಜೆಲ್ಲೈತೆ ಕಣವ್ವ? ನೀವು ತಣ್ಣಗ್ ಮಡುಗಿ ಅಂದ್ರಲ್ಲ, ಐಸ್ಕ್ಯಾಂಡಿ ಅಂಗ್ಡಿ ಪೆಟ್ಗೇಲಿ ಮಡುಗ್ತಿದ್ದೆ. ದಿನಾ ಸಂಜೆ ಗೇಯ್ಮೆ ಮುಗಿಸ್ಕೊಂಡು ಓಗಿ ಅಚ್ಕೊಂಡು ಬತ್ತಿದ್ದೆ. ಒಂದಿನಾನೂ ತಪ್ಸಿಲ್ಲ."

ಅಯ್ಯೋ ದೇವರೇ ಅನ್ನಿಸಿತು. ಐಸಾದರೆ ಆ ಕೊಬ್ಬಿನ ಕಣಗಳು ಒಂದಕ್ಕೊಂದು ಒತ್ತಿ ಒಡೆದುಹೋಗುತ್ತವೆ. ಒಳಗಿನ ಔಷಧಿ ಹೊರಗೆ ಬಿದ್ದು ಕೆಡುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಇದು ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದವರೂ ಇರುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಡಬ್ಬಿಯ ಜೊತೆಯ ಚೀಟಿ ಬರೆದು, ಓದಿ ಹೇಳಿದವಳು ನಾನೇ: 'ತಣ್ಣಗಿಡಿ.' ಐಸಿನಲ್ಲಿ ಇಡಬೇಡಿ ಎಂಬ ಎರಡು ಮಾತು ಸೇರಿಸಲು ನನಗೇನು ಧಾಡಿಯಾಗಿತ್ತು? ಮೊದಲ ದಿನವೇ ಕೆಟ್ಟದ್ದನ್ನು ಈ ತಾಯಿ ಮೂರು ತಿಂಗಳು ಹಚ್ಚಿಕೊಂಡಿದ್ದರು.

ನಾಚಿಕೆಯಿಂದ ತಲೆ ತಗ್ಗಿಸಿಯೇ ಎಲ್ಲ ಹೇಳಿದೆ. ಅವರು ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು. ಆಮೇಲೆ, "ಇನ್ನೊಂದು ಡಬ್ಬಿ ಇದ್ರೆ ಕೊಡಿ, ಈ ಸಲ ನೀರಿನ್ ಅರವಿ ಪಕ್ಕ ಮಡುಗ್ತೀನಿ," ಎಂದರು. ಮಾಡಿದ್ದೆಲ್ಲ ಖಾಲಿಯಾಗಿತ್ತು. ಇಲ್ಲ ಎಂದೆ. "ಓಗ್ಲಿ ಬುಡಿ," ಎಂದು ಒಳಗೆ ಹೋಗಿ ಕಾಫಿ ಕಾಯಿಸಿ ತಂದರು.

ಹೀಗೆ ಪ್ರಯೋಗದ ಲೆಕ್ಕದಿಂದ ಕೈಬಿಡಬೇಕಾದವರಿಗೆಂದು ಒಂದು ನಮೂನೆ ಇದೆ. ಕಾರಣದ ಜಾಗದಲ್ಲಿ 'ಭಾಗವಹಿಸಿದವರು ಸೂಚನೆ ಪಾಲಿಸಲಿಲ್ಲ' ಎಂದು ಮೊದಲೇ ಅಚ್ಚಾಗಿರುತ್ತದೆ. ಗುರುತು ಹಾಕಿದರೆ ಸಾಕು. ಅಚ್ಚಾದುದನ್ನು ಹೊಡೆದುಹಾಕಿ, 'ಸೂಚನೆ ಬರೆದವಳ ತಪ್ಪು' ಎಂದು ಬರೆದೆ. ಅವರ ಸಹಿ ಬೇಕಿತ್ತು. ಓದಿ ಹೇಳಿ ಅಂದರು, ಹೇಳಿದೆ. ರುಜು ಹಾಕಿದರು.

ಬನ್ನೂರು ದಾರಿಯ ಮೈಸೂರು ಬಸ್ಸಿಗೆ ಹತ್ತಿಸಲು ಮಳೆಯಲ್ಲೇ ಜೊತೆಗೆ ಬಂದರು. ನಾನು ಕಿಟಕಿಯ ಬದಿ ಕೂತೆ. ಬಸ್ಸು ಹೊರಡುವಾಗ ಕಂಬಿ ಹಿಡಿದು ನಾಲ್ಕು ಹೆಜ್ಜೆ ಓಡಿಬಂದರು.

"ನೀವು ಬರ್ದಿದ್ನ ಒಡ್ದಾಕಿ ನಂದೇ ತಪ್ಪು ಅಂತ ಬರ್ಕಳಿ ಕಣವ್ವ. ನಿಮ್ಗಾದ್ರೆ ಅಲ್ಲಿ ದೊಡ್ಡೋರು ಬೈತಾರೆ. ನಂಗ್ಯಾರು ಬೈದಾರು?"